ಸಾಕು ಎಂಬ ಅಪ್ಪಣೆ

ಮರ ಹತ್ತಿ ಬದುಕುವ ಇಲಿಯಂಥ ಪ್ರಾಣಿಯೊಂದರ ಗರ್ಭದಲ್ಲಿ ಮರಿ ಬೆಳೆಯುತ್ತಿತ್ತು. ಹೇಗೆ ಬೆಳೆಯಬೇಕೆಂದು ಬರೆದಿಟ್ಟ ಪುಸ್ತಕ ಮರಿಯ ಅಂಗಗಳಿಗೆಲ್ಲ ಇದ್ದದ್ದು ಒಂದೇ. ಯಾರು ಯಾವ ಪುಟ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ಕೂಗಿ ಹೇಳಲು ಒಬ್ಬ ಡಂಗುರದವನಿದ್ದ.

ಒಂದು ದಿನ ಅವನು ಮುಂಗೈಯ ಬಳಿ ಬಂದು "ಸಾಕು!" ಎಂದು ಕೂಗಿದ. ಹೆಬ್ಬೆರಳು ತಟ್ಟನೆ ಬೆಳವಣಿಗೆ ನಿಲ್ಲಿಸಿತು. ನಡುಬೆರಳು ಮಾತ್ರ, ಸಾಕು ಎಂದರೆ ಸಲಹು ಎಂದಲ್ಲವೇ ಎಂದುಕೊಂಡು ಬೆಳೆಯುತ್ತಲೇ ಹೋಯಿತು. ಅದನ್ನು ನೋಡಿ ಪಕ್ಕದ ಬೆರಳುಗಳೂ ಬೆಳೆದವು.

"ನಿಲ್ಲೋ ಮೂಢ!" ಎಂದು ಹೆಬ್ಬೆರಳು ಗದರಿತು. "ಮುತ್ತಾತನ ಕಾಲದಿಂದಲೂ ಸಾಕು ಅಂದರೆ ಮುಗಿಯಿತು ಅಂತಲೇ ಅರ್ಥ. ಇಷ್ಟುದ್ದದ ಬೆರಳಿಂದ ಕೊಂಬೆ ಹಿಡಿಯುವುದು ಹೇಗೆ? ಎಲ್ಲರೂ ಬಿದ್ದು ಸಾಯುತ್ತೇವೆ."

ನಡುಬೆರಳು ಹೆದರಿತು. ಬೆರಳುಗಳ ನಡುವಿನ ಚರ್ಮದತ್ತ ತಿರುಗಿ, "ಅಕ್ಕಾ, ನಿನಗೇನು ಕೇಳಿಸಿತು?" ಎಂದಿತು.

"ಆ ಮಾತು ಕೇಳಿದೊಡನೆ ನಾನು ಕರಗಿಹೋಗಬೇಕು, ಅದು ಪದ್ಧತಿ. ಆದರೆ ನಿನಗೆ ಕೇಳಿಸಿದ್ದೇ ನನಗೂ ಕೇಳಿಸಿತಪ್ಪ. ನೀನೊಬ್ಬ ಬೆಳೆದರೆ ಬರೀ ಕಡ್ಡಿ, ನಾನೊಬ್ಬಳು ಉಳಿದರೆ ಬರೀ ಬಟ್ಟೆ. ಕೂಡಿದರೆ ಕೊಡೆಯಾದೀತು."

ಮರಿ ಹುಟ್ಟಿ ಬೆಳೆಯಿತು. ಒಂದು ಸಂಜೆ ಎತ್ತರದ ಕೊಂಬೆಯಿಂದ ಕೈ ಜಾರಿತು.

"ನಾನು ಹೇಳಿರಲಿಲ್ಲವೇ!" ಎಂದು ಹೆಬ್ಬೆರಳು ಚೀರಿತು. ಆದರೆ ಚರ್ಮ ಬಿಚ್ಚಿಕೊಂಡಿತು, ಬೆರಳುಗಳು ಅದನ್ನು ಎಳೆದು ಹಿಡಿದವು, ನೆಲ ದೂರವೇ ಉಳಿಯಿತು.

ಎರಡು ಸುತ್ತು ಹಾರಿದ ಮೇಲೆ ನಡುಬೆರಳು ಹೆದರುತ್ತಲೇ ಕೇಳಿತು: "ಅಣ್ಣಾ, ಸಾಕೇ?"

ಹೆಬ್ಬೆರಳು ಗಂಭೀರವಾಗಿ ಹೇಳಿತು: "ಇಷ್ಟು ಬೇಗ ಯಾರಾದರೂ ಸಾಕು ಅನ್ನುತ್ತಾರೇನೋ?"