ಉರಿಯದ ಕಾಲು

"ಮಾಸ್ತರೇ, ಹುಡುಗಿ ಒಬ್ಬಳೇ, ಪರೀಕ್ಷೆ ಎರಡು, ಉತ್ತರವೂ ಎರಡು. ನಾನು ಯಾವುದನ್ನು ನಂಬಲಿ?" ಎಂದು ದಾನಮ್ಮ ಕೇಳಿದಳು.

ದಾನಮ್ಮ ಸೈಕಲ್ ಸವಾರರಿಗೆ ತರಬೇತಿ ಕೊಡುವವಳು. ಆ ವಿದ್ಯೆಯನ್ನು ಅವಳು ಕಲಿತದ್ದು ಯಮನಪ್ಪ ಮಾಸ್ತರರಲ್ಲಿ. ಅವಳ ಕೈಕೆಳಗೆ ರುಕ್ಮಾ ಎಂಬ ಹುಡುಗಿ ಇದ್ದಳು. ಕಳೆದ ತಿಂಗಳು ರುಕ್ಮಾಳ ರಕ್ತ ನೋಡಿದಾಗ, ತಂಡಕ್ಕೆ ಇವಳ ಕಸುವು ಸಾಲದು ಎಂದು ಬಂದಿತ್ತು. ಈ ಬೆಳಿಗ್ಗೆ ನೋಡಿದರೆ ಎಲ್ಲರಿಗಿಂತ ಇವಳೇ ಮುಂದು ಎಂದು ಬಂದಿದೆ. ನಾಳೆ ತಂಡದ ಹೆಸರು ಕಳಿಸಬೇಕು. ಕಳಿಸದಿದ್ದರೆ ಹುಡುಗಿಯ ಈ ವರ್ಷ ಹೋಯಿತು. ತಪ್ಪಿ ಕಳಿಸಿದರೆ ಅವಳು ನಡುದಾರಿಯಲ್ಲಿ ಕುಸಿಯುತ್ತಾಳೆ.

"ಅದೇ ಯಂತ್ರ, ಅದೇ ಹೊತ್ತು, ಅದೇ ಸೈಕಲ್ಲು. ಬೆವರು ಒರೆಸಿಯೇ ರಕ್ತದ ಹನಿ ತೆಗೆದಿದ್ದೇನೆ," ಎಂದಳು ದಾನಮ್ಮ.

"ನೀನು ಬಿಡಮ್ಮ, ಜಾಣೆ. ಈಗ ಸ್ವಲ್ಪ ಸುಮ್ಮನೆ ಕೂತು ಕೇಳು," ಎಂದು ಮಾಸ್ತರರು ಕಣ್ಣು ಮುಚ್ಚಿಕೊಂಡು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಪರೀಕ್ಷಕನಿದ್ದ. ಸವಾರರನ್ನು ನಿಂತಲ್ಲೇ ನಿಂತ ಸೈಕಲ್ಲಿನ ಮೇಲೆ ಕೂರಿಸುವುದು, ಭಾರವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದು, ಒಂದೊಂದು ಮೆಟ್ಟಿಲಿಗೂ ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆಯುವುದು ಅವನ ಕೆಲಸ. ಹದವಾಗಿ ತುಳಿಯುವ ತನಕ, ದುಡಿಯುವ ಕಾಲು ರಕ್ತಕ್ಕೆ ಬಿಡುವ ಲ್ಯಾಕ್ಟೇಟ್ ಎಂಬ ಅಂಶ ತಣ್ಣಗೆ ಕೆಳಗೇ ಇರುತ್ತದೆ. ಒಂದು ಗಡಿ ದಾಟಿದರೆ ಅದು ಸರ್ರನೆ ಏರುತ್ತದೆ, ಕಾಲು ಉರಿಯುತ್ತದೆ. ಆ ಗಡಿ ಎಲ್ಲಿದೆ ಎಂದು ತಿಳಿದರೆ, ದೂರದ ದಾರಿಯಲ್ಲಿ ಎಷ್ಟು ಜೋರಾಗಿ ಹೋಗಬಹುದು ಎಂಬುದೂ ತಿಳಿಯುತ್ತದೆ. ಪರೀಕ್ಷಕ ಬಲು ಪ್ರಾಮಾಣಿಕ. ಚೂರು ಅನುಮಾನ ಬಂದರೂ ಮತ್ತೆ ಚುಚ್ಚಿ ನೋಡುತ್ತಿದ್ದ. ಸವಾರರ ಕಿವಿಯ ಪಾಡು ದೇವರಿಗೇ ಪ್ರೀತಿ.

ಅವನ ಬಳಿಗೆ ಒಬ್ಬ ಸವಾರ ಬಂದ. ಸೈಕಲ್ಲು ಬಿಟ್ಟರೆ ಅವನಿಗೆ ಬೇರೆ ಲೋಕವಿರಲಿಲ್ಲ. ಪರೀಕ್ಷಕ ರಕ್ತ ನೋಡಿ, "ನಿನ್ನ ಗಡಿ ಇನ್ನೂ ಮೇಲೇರಬೇಕಪ್ಪ. ಅಮಾವಾಸ್ಯೆ ಕಳೆದ ಮೇಲೆ ಬಾ, ಆಗ ಏರಿದ್ದರೆ ತಂಡಕ್ಕೆ ತೆಗೆದುಕೊಳ್ಳೋಣ," ಎಂದ. ಸವಾರ ಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತ.

ಮೈ ಹಗುರಾದರೆ ಗುಡ್ಡ ಹತ್ತುವುದು ಸಲೀಸು ಎಂದು ಯಾರೋ ಪುಣ್ಯಾತ್ಮರು ಅವನ ತಲೆಗೆ ತುಂಬಿದರು. ಅವನು ಅನ್ನ ಬಿಟ್ಟ, ರೊಟ್ಟಿ ಬಿಟ್ಟ. ಬೆಳಿಗ್ಗೆ ತುಳಿದ, ಸಂಜೆ ತುಳಿದ, ಮಜ್ಜಿಗೆ ಕುಡಿದು ಮಲಗಿದ. ಮೊದಮೊದಲು ಹೊಟ್ಟೆ ಕೂಗುತ್ತಿತ್ತು. ಆಮೇಲೆ ಅದೂ ಬಾಯಿ ಮುಚ್ಚಿಕೊಂಡಿತು.

ಅಮಾವಾಸ್ಯೆ ಕಳೆಯಿತು. ಸವಾರ ಮತ್ತೆ ಆ ಸೈಕಲ್ಲನ್ನೇರಿದ. ಭಾರ ಒಂದು ಮೆಟ್ಟಿಲು ಏರಿತು, ಇನ್ನೊಂದು ಏರಿತು. ಕಾಲು ಉರಿಯಲಿಲ್ಲ. ಕೋಣೆ ಮೆಲ್ಲನೆ ದೂರ ಸರಿಯಿತು. ಸೂಜಿ ಚುಚ್ಚಿದ್ದು ಇನ್ನಾರದೋ ಕಿವಿಗೆ ಅನ್ನಿಸಿತು. ಯಾವುದೋ ಜೋಳದ ಹೊಲಗಳ ನಡುವೆ ಬೆಳ್ಳನೆಯ ದಾರಿ, ತೆನೆಗಳ ಮೇಲೆ ಗಾಳಿ, ತಾನು ತುಳಿಯುತ್ತಿಲ್ಲ, ದಾರಿಯೇ ತನ್ನನ್ನು ಒಯ್ಯುತ್ತಿದೆ. ಅವನಿಗೆ ಅಷ್ಟು ಸುಖ ಎಂದೂ ಆಗಿರಲಿಲ್ಲ. ಆ ಸುಖದಲ್ಲೇ ಕಾಲು ನಿಂತುಹೋಯಿತು, ಹೋದ ಸಲಕ್ಕಿಂತ ಬೇಗನೆ. ಇಳಿಸಿಕೊಳ್ಳಲು ಇಬ್ಬರು ಬೇಕಾದರು.

ಬೇಗ ನಿಂತದ್ದನ್ನು ಪರೀಕ್ಷಕ ಕಂಡ. ಆದರೆ ಅವನ ಕಣ್ಣು ರಕ್ತದ ಮೇಲಿತ್ತು. ಲ್ಯಾಕ್ಟೇಟ್ ಏರಿಯೇ ಇಲ್ಲ, ಗಡಿ ಎಲ್ಲೋ ಮೇಲೆ ಹೋಗಿದೆ. ಇಷ್ಟು ಚಂದದ ಫಲವನ್ನು ನಂಬುವುದು ಹೇಗೆ ಎಂದು ಯಂತ್ರ ಬದಲಿಸಿದ. ಮರುದಿನ ಅದೇ ಹೊತ್ತಿಗೆ ಕರೆಸಿ, ಬೆವರು ಒರೆಸಿ, ಹೊಸ ಸೂಜಿಯಿಂದ ಮತ್ತೆ ನೋಡಿದ. ಅದೇ ಉತ್ತರ ಬಂತು. ಎರಡು ಸಲ ಒಂದೇ ಉತ್ತರ ಬಂದ ಮೇಲೆ ಇನ್ನೇನು ಬೇಕು? ಸವಾರನ ಬೆನ್ನು ತಟ್ಟಿ ತಂಡಕ್ಕೆ ಸೇರಿಸಿಕೊಂಡ. ಪಂದ್ಯದಲ್ಲಿ ಇಷ್ಟೇ ಜೋರಾಗಿ ಹೋಗು, ಇಳಿಸಬೇಡ ಎಂದು ಹೇಳಿಯೂ ಕಳಿಸಿದ.

ಪಂದ್ಯದ ದಿನ ಸವಾರ ಹೇಳಿದಷ್ಟೇ ಜೋರಾಗಿ ಹೋದ. ಗುಡ್ಡದ ಬುಡದಲ್ಲಿ ಸೈಕಲ್ಲು ತಾನಾಗಿ ಪಕ್ಕಕ್ಕೆ ವಾಲಿತು. ಪರೀಕ್ಷಕ ಜೀಪು ನಿಲ್ಲಿಸಿ ಓಡಿ ಬಂದಾಗ ಅವನು ರಸ್ತೆಯ ಅಂಚಿನಲ್ಲಿ ಕೂತು ಆಕಾಶ ನೋಡುತ್ತಿದ್ದ.

"ಏನಾಯಿತೋ? ಕಾಲು ಉರಿಯಿತೇ?"

"ಇಲ್ಲ ಸರ್. ಉರಿಯಲೂ ಇಲ್ಲ, ನೋಯಲೂ ಇಲ್ಲ. ಕಾಲು ಇದೆ ಅಂತಲೇ ಅನ್ನಿಸುತ್ತಿಲ್ಲ. ಅನ್ನ ಉಂಡು ಬಹಳ ದಿನ ಆಯಿತು."

"ಹುಚ್ಚಪ್ಪಾ, ಇದನ್ನು ನನಗೆ ಮೊದಲೇ ಹೇಳಬಾರದಿತ್ತೇ?"

"ನೀವು ರಕ್ತ ಕೇಳಿದಿರಿ ಸರ್, ಕೊಟ್ಟೆ."

ಪರೀಕ್ಷಕ ಅವನನ್ನು ಮಗುವಿನ ಹಾಗೆ ಎತ್ತಿಕೊಂಡು ಜೀಪಿನಲ್ಲಿ ಮಲಗಿಸಿದ. ಎತ್ತಿಕೊಂಡವನಿಗೇ ಅಳು ಬಂದಿತ್ತು. ಆ ಸವಾರ ಮತ್ತೆ ಸೈಕಲ್ಲು ಹತ್ತಿದನಂತೆ, ಆದರೆ ಪಂದ್ಯಕ್ಕೆ ಹೋಗಲಿಲ್ಲ.

ಮಾಸ್ತರರು ಕತೆ ನಿಲ್ಲಿಸಿದರು. "ಯಂತ್ರ ಸುಳ್ಳು ಹೇಳಲಿಲ್ಲ, ನೋಡು. ಆ ಲ್ಯಾಕ್ಟೇಟ್ ಹುಟ್ಟುವುದು ಉಂಡ ಅನ್ನದಿಂದಲೇ. ಸೌದೆ ಇಡದ ಒಲೆಯಲ್ಲಿ ಹೊಗೆ ಕಾಣಲಿಲ್ಲ ಅಂತ ಆ ಪರೀಕ್ಷಕ ಹಿಗ್ಗಿದ," ಎಂದರು.

ದಾನಮ್ಮನ ಮುಖ ಗೆಲುವಾಯಿತು. ಅವಳು ಏಳಲು ಸೆರಗು ಸರಿಮಾಡಿಕೊಂಡಳು. "ತಿಳಿಯಿತು ಮಾಸ್ತರೇ. ಹಾಗಾದರೆ ಮೊದಲನೆಯದೇ ನಿಜ, ಈ ಬೆಳಗಿನದು ಸುಳ್ಳು. ರುಕ್ಮಾಳ ಹೆಸರು ಬಿಟ್ಟುಬಿಡುತ್ತೇನೆ."

ಮಾಸ್ತರರು ಕಣ್ಣು ತೆರೆದು ಅವಳನ್ನೇ ನೋಡಿದರು.

"ಅದಿರಲಿ ತಂಗೀ, ರುಕ್ಮಾ ನಿನ್ನೆ ಏನು ಉಂಡಳು?"