ಗೀಜಗಗಳ ವಿದ್ಯಾಪೀಠಕ್ಕೆ ನರಿಯ ಸಲಹೆ

ಒಂದು ಕಾಡಿನಂಚಿನಲ್ಲಿ, ಕೆರೆಯ ಮೇಲೆ ಬಾಗಿದ ಈಚಲ ಮರದಲ್ಲಿ, ಗೀಜಗ ಹಕ್ಕಿಗಳ ವಿದ್ಯಾಪೀಠವಿತ್ತು. ಗೂಡು ನೇಯುವುದೇ ಅಲ್ಲಿಯ ವಿದ್ಯೆ. ಹೊನ್ನವ್ವ ಎಂಬ ಮುದಿ ಗೀಜಗ ಅದರ ಮುಖ್ಯಸ್ಥೆ. ಅಲ್ಲೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಗೂಡು ಅರ್ಧ ಆಗಿ ಟೋಪಿಯ ಹಾಗೆ ತೂಗುತ್ತಿರುವಾಗಲೇ ಹೊನ್ನವ್ವ ಬಂದು ಕೊಕ್ಕಿನಿಂದ ಜಗ್ಗಿ ನೋಡುತ್ತಿದ್ದಳು. ಗಂಟು ಸಡಿಲವಿದ್ದರೆ, "ಬಿಚ್ಚು ಮಗಾ, ಮತ್ತೆ ಹೆಣಿ" ಎನ್ನುತ್ತಿದ್ದಳು. ಎಷ್ಟು ಅತ್ತರೂ ಕರಗುತ್ತಿರಲಿಲ್ಲ.

ಆದರೆ ಕಾಲ ನಿಂತಲ್ಲೇ ನಿಲ್ಲುತ್ತದೆಯೇ? ಕೆರೆ ಬತ್ತುತ್ತಾ ಮರದಿಂದ ದೂರ ಸರಿಯಿತು. ನೇಯುವ ಹುಲ್ಲು ಅಪರೂಪವಾಯಿತು. "ಒಂದು ಗೂಡಿಗೋಸ್ಕರ ಇಷ್ಟೆಲ್ಲಾ ಕಲೀಬೇಕಾ?" ಎಂದು ತಾಯಂದಿರು ಕೊಕ್ಕು ತಿರುವಿದರು. ಕೊಂಬೆಗಳು ಒಂದೊಂದಾಗಿ ಖಾಲಿಯಾದವು. ತಾನು ಕಣ್ಣು ಮುಚ್ಚಿದ ಮೇಲೆ ಈ ವಿದ್ಯೆಯೂ ಹೋಗಿಬಿಡುತ್ತದೆ ಎಂಬ ಭಯ ಹೊನ್ನವ್ವನನ್ನು ಕೊರೆಯತೊಡಗಿತು. ಮುಂದಿನ ನೂರು ವರ್ಷಕ್ಕೆ ದಾರಿ ಹುಡುಕಬೇಕೆಂದು ಅವಳು ಸಭೆ ಕರೆದಳು.

ಕರೆಯದಿದ್ದರೂ ನರಿ ಜಾಣಪ್ಪ ಬಂದು ಮುಂದಿನ ಸಾಲಿನಲ್ಲೇ ಕೂತ.

"ಹೊನ್ನವ್ವನೋರೇ, ನಿಮಗೆ ಬೇಕಾಗಿರೋದು ಮುನ್ನೋಟ! ಇಷ್ಟೆತ್ತರದಲ್ಲಿ ಕೂತರೆ ಯಾರು ಬರ್ತಾರೆ? ಈ ಪೊದೆಗೆ ಇಳಿದು ಬನ್ನಿ. ಗೀಜಗಗಳಿಗೆ ಮಾತ್ರ ಯಾಕೆ? ಎಲ್ಲ ಜೀವಿಗಳಿಗೂ ಬಾಗಿಲು ತೆರೀರಿ. ಆ ಜಗ್ಗೋ ಪರೀಕ್ಷೆ ಬಿಡಿ, ಒಂದೇ ದಿನದಲ್ಲಿ ಪದವಿ ಕೊಡಿ!"

ಎಳೆಯ ಹಕ್ಕಿಗಳು ರೆಕ್ಕೆ ಬಡಿದು ಕುಣಿದವು. ಹೊನ್ನವ್ವನಿಗೆ ಗೊಂದಲವಾಯಿತು. ನರಿಯ ಮಾತಿನಲ್ಲಿ ಸ್ವಲ್ಪ ನಿಜವೂ ಇತ್ತಲ್ಲ! 'ಈ ಮುದುಕಿಯೇ ಅಡ್ಡಗಾಲೇನೋ' ಎಂದುಕೊಂಡಳು.

"ಆಗಲಿ, ಪೊದೇಲಿ ಒಂದು ಗೂಡು ಹೆಣೆದು ನೋಡೋಣ. ಆದ್ರೆ ಅರ್ಧ ಆದಾಗ ಜಗ್ಗಿ ನೋಡಿಯೇ ಮುಂದಿನ ಮಾತು" ಎಂದಳು.

ಶಿಷ್ಯರು ಪೊದೆಯ ತಗ್ಗು ಕೊಂಬೆಗೆ ಗೂಡು ಹೆಣೆದರು. ಬೇಗ ಮುಗಿಸಿ ಎಂದು ನರಿ ಎಷ್ಟು ಅವಸರಪಡಿಸಿದರೂ ಅವರಿಗೆ ಸಡಿಲ ಗಂಟು ಹಾಕುವುದೇ ಗೊತ್ತಿರಲಿಲ್ಲ. ಗೂಡು ಅರ್ಧ ಆಯಿತು. ಹೊನ್ನವ್ವ ಇಳಿದು ಬರುವಷ್ಟರಲ್ಲಿ ನರಿ ಅಡ್ಡ ಬಂದ.

"ನಿಮಗ್ಯಾಕೆ ತೊಂದ್ರೆ? ನಾನೇ ನೋಡ್ತೀನಿ."

ಅವನಿಗೆ ಬೇಕಾಗಿದ್ದದ್ದು ಒಳಗೆ ಎಷ್ಟು ಮೊಟ್ಟೆ ಹಿಡಿಸುತ್ತವೆ ಎಂಬ ಲೆಕ್ಕ. ಗಬಕ್ಕನೆ ತಲೆ ತೂರಿಸಿದ. ಅರ್ಧ ಗೂಡಿನ ಬಾಯಿಗೆ ಅಡ್ಡಲಾಗಿ ಒಂದು ಹುಲ್ಲಿನ ಪಟ್ಟಿ ಇರುತ್ತದೆ. ಅದು ಅವನ ಗಲ್ಲದಡಿ ಸಿಕ್ಕಿಕೊಂಡಿತು. ಎಳೆದ. ಎಳೆದಷ್ಟೂ ಬಿಗಿಯಿತು. ಪೊದೆಯೆಲ್ಲ ಅಲ್ಲಾಡಿತು, ಒಂದು ಎಳೆಯೂ ಹರಿಯಲಿಲ್ಲ.

"ಬಿಡಿಸ್ರೋ! ಆಣೆ ಮಾಡಿ ಹೇಳ್ತೀನಿ, ಎಲ್ಲಾ ಮೊಟ್ಟೆ ತಿಂತಿರಲಿಲ್ಲ, ಅರ್ಧ ನಿಮಗೇ ಬಿಡ್ತಿದ್ದೆ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಿದ್ದಾರೆ. ಇವನನ್ನು ಯಾರೂ ಏನೂ ಅಂದೇ ಇರಲಿಲ್ಲ! ಕೊನೆಗೆ ಕೊಂಬೆ ಮುರಿಯಿತು, ಗಂಟು ಬಿಚ್ಚಲಿಲ್ಲ. ಗೂಡಿನ ಟೋಪಿ ತೊಟ್ಟು ಓಡಿದ ನರಿಯನ್ನು ಕಂಡು ಕಾಡಿಗೆ ಕಾಡೇ ನಕ್ಕಿತು.

ಹೊನ್ನವ್ವ ಮಾತ್ರ ನಗಲಿಲ್ಲ. ಅವಳಿಗೆ ಮೈ ಜುಮ್ಮೆಂದಿತು. ಗಾಳಿ ಊದಿದರೆ ಹಾರಿಹೋಗುವ ಹುಲ್ಲಿನೆಳೆ ನರಿಯನ್ನೇ ಹಿಡಿದಿಟ್ಟಿತ್ತು! ಇಷ್ಟು ವರ್ಷ ತಾನೇ ಕಲಿಸಿದ ಗಂಟಿನ ಬಲ ತನಗೇ ತಿಳಿದಿರಲಿಲ್ಲ.

"ಮಕ್ಕಳೇ," ಎಂದಳು, "ಕೆರೆ ಹೋದ್ರೆ ಹೋಗಲಿ, ಕಾಲುವೆ ಮೇಲೆ ಬಾಗಿದ ಮರಕ್ಕೆ ಹೋಗೋಣ. ಹುಲ್ಲಿಲ್ಲದಿದ್ರೆ ಕಬ್ಬಿನ ಗರಿ ಸೀಳೋಣ. ಜಗ್ಗಿ ನೋಡೋದನ್ನ ಮಾತ್ರ ಬಿಡೋದು ಬೇಡ. ಇನ್ನೊಂದು ಮಾತು. ನರಿ ಬಾಯಲ್ಲಿ ಬಂದ್ರೂ ಒಳ್ಳೇ ಮಾತು ಒಳ್ಳೇದೇ. ಬಾಗಿಲು ಎಲ್ಲರಿಗೂ ತೆರೆದಿರಲಿ."

ಮುಂದಿನ ಮಳೆಗಾಲಕ್ಕೆ ಕಾಲುವೆಯ ಮರ ಗೂಡುಗಳಿಂದ ತುಂಬಿತು. ಒಂದು ಬೆಳಿಗ್ಗೆ ತಾಯಿ ಅಳಿಲೊಂದು ಮರಿಗಳನ್ನು ಕರೆದುಕೊಂಡು ಬಂದು ಬುಡದಲ್ಲಿ ಹಿಂಜರಿದು ನಿಂತಿತು.

"ಹೊನ್ನವ್ವಾ, ನನ್ನ ಮಕ್ಕಳಿಗೆ ಕೊಕ್ಕಿಲ್ಲ. ಆದ್ರೂ ಕಲಿಸ್ತೀರಾ?"

ಹೊನ್ನವ್ವನ ಕಣ್ಣು ತುಂಬಿತು.

"ಹತ್ತಿ ಬಾರವ್ವಾ. ಕೊಕ್ಕಿಲ್ಲದವರಿಗೆ ಹೇಗೆ ಕಲಿಸೋದು ಅಂತ ನಾವೂ ಕಲಿತೀವಿ."

ನೀತಿ: ವಿದ್ಯಾಪೀಠ ಕಾಲಕ್ಕೆ ತಕ್ಕಂತೆ ಬದಲಾಗಬೇಕು, ಎಲ್ಲರನ್ನೂ ಒಳಗೆ ಕರೆಯಬೇಕು, ಆದರೆ ಕಲಿಕೆಯ ಗಟ್ಟಿತನವನ್ನು ಎಂದೂ ಬಿಟ್ಟುಕೊಡಬಾರದು.