ಬ್ಯಾಟರಿ ಆರುವ ತನಕ

ಹುಬ್ಬಳ್ಳಿಯ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಬ್ಯಾಟರಿಗಳನ್ನು ನೋಡಿಕೊಳ್ಳುತ್ತಿದ್ದವಳು ನೀಲವ್ವ. ಒಂದು ದಿನ ಹೊಸ ಮ್ಯಾನೇಜರ್ ಬಂದು ಗದರಿದರು: "ಚಾರ್ಜ್ ಆಗೇತಲ್ಲ, ಈಗಿಂದೀಗ ಗಾಡಿಗೆ ಹಾಕು. ಲಾರಿ ನಿಂತಾವ."

"ಇನ್ನೂ ಬಿಸಿ ಐತ್ರಿ ಸಾಹೇಬ್ರ. ಆರೂದಕ್ಕ ಮೊದಲ ದುಡಿಸಿದ್ರ ಲಗೂನ ಕೆಡತೈತಿ."

"ಯಂತ್ರಕ್ಕ ಎಂಥಾ ವಿಶ್ರಾಂತಿ? ಹಾಕದಿದ್ರ ನಾಳೆ ಕೆಲಸಕ್ಕ ಬರಬ್ಯಾಡ."

ನೀಲವ್ವ ತನ್ನ ಫ್ಲಾಸ್ಕ್ ತೆಗೆದಳು. "ಮುಂಜಾನಿಂದ ಏನೂ ತಿಂದಿಲ್ರಿ ನೀವು," ಎಂದು ಹೊಗೆಯಾಡುವ ಚಹಾ ಬಗ್ಗಿಸಿ ಕೊಟ್ಟಳು. "ಒಂದ ಗುಟುಕಿಗೆ ಕುಡೀರಿ. ಲಾರಿ ನಿಂತಾವ."

ಮ್ಯಾನೇಜರ್ ತುಟಿ ತಾಗಿಸಿ ಹೌಹಾರಿದರು. "ಬಾಯಿ ಸುಡತೈತಬೇ!"

"ನಿಮಗ ಹೇಳಾಕ ಬಾಯಿ ಐತ್ರಿ. ಬ್ಯಾಟರಿಗಿಲ್ಲ, ಅದಕ್ಕ ನಾ ಹೇಳಾಕತ್ತೀನಿ."

ಅವರು ಬ್ಯಾಟರಿಯ ಮೈಗೆ ಕೈಯಿಟ್ಟು ನೋಡಿದರು. ಸ್ಟೂಲ್ ಎಳೆದು ಕೂತರು. ಗೇಟಿನಿಂದ ಫೋನ್ ಬಂತು.

"ಎರಡು ತಾಸು ತಡೀರಿ," ಎಂದರು. "ಲಾರಿಯವ್ರಿಗೂ ಚಹಾ ಕೊಡಸ್ರಿ. ಆರಿಸಿ ಕುಡೀಲಿ."